ಹನ್ನೆರಡು ಪದಗಳ ಕಾವಲು

ಮಾರ್ಚ್ 4, ಬೆಳಗ್ಗೆ
ಮತ್ತೆ ಅದೇ. ಹಲ್ಲುಜ್ಜಿಸಿದೆ, ಗಡ್ಡ ತೆಗೆದೆ, ತಿಂಡಿ ತಿನ್ನಿಸಿದೆ. ಯಜಮಾನರು ನರ್ಸಿಗೆ ನಗುವ ಹಾಗೆಯೇ ನನಗೂ ನಕ್ಕರು. ನಾಟಕದವರಿಗೆ ಮರೆತ ಮಾತನ್ನು ಪರದೆ ಹಿಂದಿನಿಂದ ಎತ್ತಿಕೊಡುವುದೇ ಇವರ ಕೆಲಸವಾಗಿತ್ತು, ಜೀವಮಾನವೆಲ್ಲ. ಈಗ ನೀರು ಬೇಕಾದರೆ ‘ನೀರು’ ಅನ್ನಲು ಬಾರದು. ಮೆಟ್ಟಿಲಿಂದ ಬಿದ್ದದ್ದು ಒಂದೇ ಸಲ... ತಲೆಯೂ ಹೋಯಿತು, ಜೇಬಿನ ಫೋನೂ ಹೋಯಿತು.

ಸಂಜೆ
ಮೈದುನ ಬಂದಿದ್ದ. ಮನೆ ಮಾರಿದ ದುಡ್ಡೆಲ್ಲ ಕ್ರಿಪ್ಟೋದಲ್ಲಿದೆ, ಆ ಫೋನಿನ ವಾಲೆಟ್‌ನಲ್ಲಿ.
“ಬೇರೆ ಫೋನಲ್ಲೂ ತೆಗೀಬಹುದು ಅತ್ತಿಗೆ. ಆದ್ರೆ ವಾಲೆಟ್‌ಗೆ ಬೀಗದ ಕೈ ಥರ ಹನ್ನೆರಡು ಪದ ಇರುತ್ವೆ, ಅವು ಬೇಕು, ಸಾಲಾಗಿ. ಅಣ್ಣ ಎಲ್ಲಾದ್ರೂ ಬರೆದಿಟ್ಟಿದ್ದಾನಾ?”
ಬರೆಯುವುದೇ! “ಚೀಟಿ ಕಳ್ಳನ ಕೈಗೆ ಸಿಗುತ್ತೆ, ನನ್ನ ತಲೆ ಸಿಗುತ್ತಾ?” ಅಂತ ಮೆರೆದವರು. ಎರಡು ಚೀಟಿ ಬರೆದು ಎರಡು ಕಡೆ ಇಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು? ದುಡ್ಡು ಕಟ್ಟದಿದ್ದರೆ ತಿಂಗಳ ಕೊನೆಗೆ ಆಸ್ಪತ್ರೆಯ ಈ ಬೆಡ್ ಖಾಲಿ ಮಾಡಬೇಕು. ಸಿಟ್ಟು ಬರುತ್ತದೆ. ಸಿಟ್ಟು ಮಾಡುವ ತ್ರಾಣವೂ ಇಲ್ಲ.

ಮಾರ್ಚ್ 9
ಮುಖ ಒರೆಸುತ್ತಾ ಸುಮ್ಮನೆ ಹಳೆಯ ನಾಟಕದ ಮಾತು ಅಂದೆ — “ಬಾಗಿಲು ತೆಗೆಯಿರಿ, ಮಹಾರಾಜ.” ಯಜಮಾನರು ಥಟ್ಟನೆ ಮುಂದಿನ ಸಾಲು ಪೂರ್ತಿ ಹೇಳಿಬಿಟ್ಟರು! ಮೊದಲ ಪದ ಎತ್ತಿಕೊಟ್ಟರೆ ಗಾಡಿ ಓಡುತ್ತದೆ. ಆದರೆ ಆ ಹನ್ನೆರಡರ ಮೊದಲ ಪದ ನನಗೆಲ್ಲಿ ಗೊತ್ತು, ನನ್ನ ಕರ್ಮ.
ಮೈದುನನಿಗೆ ಫೋನ್ ಮಾಡಿದೆ.
“ಇಂಥ ವಾಲೆಟ್‌ಗೆಲ್ಲ ಒಂದೇ ಪಟ್ಟಿಯಿಂದ ಪದ ಬರೋದು ಅತ್ತಿಗೆ. ಇಂಗ್ಲಿಷ್. ಎರಡು ಸಾವಿರ ಚಿಲ್ಲರೆ ಇದಾವೆ.”
“ಇರಲಿ. ಪ್ರಿಂಟ್ ತಗೊಂಡು ಬಾ.”

ಮಾರ್ಚ್ 10
ಅಬ್ಯಾಂಡನ್. ಎಬಿಲಿಟಿ. ಏಬಲ್... ಒಂದೊಂದೇ ಹೇಳಿ ಮುಖ ನೋಡುವುದು. ನಿದ್ದೆ ಹೋದರು. ನಾನೂ.

ಮಾರ್ಚ್ 17
ಇನ್ನೂ ‘ಎಚ್’ನಲ್ಲೇ ಇದ್ದೇನೆ. ಗಂಟಲು ಕಟ್ಟಿದೆ. ನಾನು ಕೆಲಸಕ್ಕಿರುವ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಗಿರಾಕಿಗೆ ಮಾತ್ರೆ ಕೊಡುತ್ತಾ “ಹೆಲ್ಮೆಟ್” ಅಂದೆ. ಪಾಪ, ಅವನು ತಲೆ ಮುಟ್ಟಿ ನೋಡಿಕೊಂಡ.

ಮಾರ್ಚ್ 22, ಮಧ್ಯಾಹ್ನ
“ಲ್ಯಾಡರ್” ಅಂದೆ. ಯಜಮಾನರ ಕಣ್ಣು ಅರಳಿತು.
“ಆನಿಯನ್... ಅಂಕಲ್... ಟಿಕೆಟ್...”
ಅಯ್ಯೋ ದೇವರೇ! ನಾಲ್ಕನ್ನೂ ಗೀಚಿಕೊಂಡೆ. “ಆಮೇಲೆ? ಹೇಳಿ, ಹೇಳಿ” ಅಂದೆ.
ಬಾಯಿ ಮುಚ್ಚಿಕೊಂಡರು. ಆಚೀಚೆ ನೋಡಿದರು. ಆಮೇಲೆ ನನ್ನ ಕೈ ತಟ್ಟಿ, ಬಿದ್ದ ಮೇಲೆ ಮೊದಲ ಸಲ ತಮ್ಮದೇ ಮಾತು ಆಡಿದರು —
“ಸಾಕಮ್ಮ. ಇದೆಲ್ಲ ಯಾರಿಗೂ ಹೇಳಬಾರದು. ನನ್ ಹೆಂಡ್ತಿಗೂ ಹೇಳಿಲ್ಲ.”
ಆಯ್ತು ಅಂದೆ. ಇನ್ನೇನು ಅನ್ನಲಿ. ನೀರು ಕುಡಿಸಿ, ಬಾಯಿ ಒರೆಸಿ, ನಾನು ಮತ್ತೆ ಮೆಲ್ಲಗೆ “ಲ್ಯಾಡರ್” ಅಂದೆ.