ಮಷಿನ್ನಿನ ಕೌಂಟರ್

೧೭ ಜನವರಿ ೨೦೦೮, ಗುರುವಾರ

ಕೊನೆಗೂ ಸಿಕ್ಕಿತು. ಫ್ಯಾನ್, ಮೋಟಾರುಗಳಿಗೆ ತಂತಿಯ ಕಾಯಿಲ್ ಸುತ್ತುವ ಅಪ್ಪನ ಕಾಲದ ಮಷಿನ್ನಿನಲ್ಲಿ ಸುತ್ತು ಎಣಿಸುವ ಕೌಂಟರ್ ಕೆಟ್ಟು ಎಂಟು ತಿಂಗಳಾಗಿತ್ತು. ಅಂದಿನಿಂದ ಒಂದೊಂದು ಸುತ್ತನ್ನೂ ಬಾಯಲ್ಲೇ ಎಣಿಸುತ್ತಿದ್ದೆ. ನಡುವೆ ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪಿ, ತಂತಿ ಬಿಚ್ಚಿ ಮತ್ತೆ ಒಂದರಿಂದ ಶುರು. ಅಮ್ಮನನ್ನೂ ಗದರಿ ಸುಮ್ಮನಾಗಿಸಿದ್ದೆ.

ಸಿರುಗುಪ್ಪದ ಗುಜರಿಗಳಲ್ಲಿ ಇರಲಿಲ್ಲ. ಕುರುಗೋಡಿನ ಗುಜರಿಯವನಂತೂ, "ಕಬ್ಬಿಣಕ್ಕ ರೇಟ್ ಬಂದೈತಿ, ಮಷಿನ್ನೇ ತೂಕಕ್ಕ ಹಾಕ್ರಿ" ಎಂದ. ಆ ಮಾತು ಇನ್ನೂ ಉರಿಯುತ್ತದೆ.

ಇವತ್ತು ರಿಪೇರಿಯಾದ ಫ್ಯಾನ್ ಕೊಡಲು ಗಾಂಧಿನಗರದ ಪ್ರಹ್ಲಾದರಾಯರ ಪ್ರೆಸ್ಸಿಗೆ ಹೋದೆ. ಫ್ಲೆಕ್ಸ್ ಬಂದ ಮೇಲೆ ಮೂಲೆ ಸೇರಿದ ಅವರ ಅಚ್ಚಿನ ಯಂತ್ರಕ್ಕೆ ಹಾಳೆ ಎಣಿಸುವ ಕೌಂಟರ್ ಇತ್ತು. ಕಣ್ಣು ಅಲ್ಲೇ ನೆಟ್ಟಿತು.

"ಬಿಚ್ಚಿಕೊಂಡು ಹೋಗಮ್ಮಾ ಫರ್ಹತ್. ಇಲ್ಲಿ ಎಣಸಲಿಕ್ಕೆ ಇನ್ನೇನದ" ಎಂದರು.

ಸಂಜೆಯೊಳಗೆ ಕೂರಿಸಿ ಸುತ್ತತೊಡಗಿದೆ. ಒಂದು ಸುತ್ತಿಗೆ ಒಂದು ಅಂಕಿ, ಚೂರೂ ತಪ್ಪಲಿಲ್ಲ. ತೂಕಕ್ಕೆ ಕೇಳಿದವನು ಬಂದು ನೋಡಲಿ.

ಅಮ್ಮ ಬಾಗಿಲಲ್ಲಿ ಎಂದಿನಂತೆ ಬಾಯಿ ಮುಚ್ಚಿ ನಿಂತಿದ್ದಳು.

"ಏನ್ ಅಡಿಗಿ ಮಾಡೀದಿ?" ಎಂದೆ, ಕೈ ನಿಲ್ಲಿಸದೆ.

"ಎಣಸವ್ವಾ, ತಪ್ಪತೈತಿ."

"ತಪ್ಪಂಗಿಲ್ಲ. ಮಾತಾಡು."

ಮುನ್ನೂರ ಇಪ್ಪತ್ತು ಸುತ್ತು ಮುಗಿದು ನನ್ನ ಕೈ ನಿಂತರೂ ಅವಳ ಮಾತು ನಿಲ್ಲಲಿಲ್ಲ. ಈಗಲೂ ಒಳಗಿನಿಂದ ಏನೋ ಹೇಳುತ್ತಿದ್ದಾಳೆ, ಪೆನ್ನು ಕೆಳಗಿಟ್ಟು ಕೇಳಬೇಕು.