ಚಕ್ರ ಬಂದ ಕಡೆಗೆ

೧೪ ಮಾರ್ಚ್, ಭಾನುವಾರ

ಮುದ್ದಿನ ಪುಟ್ಟೀ,

ನಾವಿಬ್ಬರೂ ಕ್ಷೇಮ. ನಿನ್ನ ಕಾಗದ ಬಂದು ಎರಡು ವಾರವಾಯಿತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ನಿನ್ನಪ್ಪನ ಬಲಗೈ ಪ್ಲಾಸ್ಟರಿನಲ್ಲಿರುವಾಗ ನನಗೆ ನಾಲ್ಕು ಕೈ ಇದ್ದರೂ ಸಾಲದು. ಶರ್ಟಿನ ಗುಂಡಿ ಹಾಕಬೇಕು, ಗಡ್ಡ ಹೆರೆಯಬೇಕು, ಅದರ ಮೇಲೆ ಅವರ ರೇಸಿನ ಹುಚ್ಚಿನ ಏಳು ಕಾರುಗಳ ಯೋಗಕ್ಷೇಮ ಬೇರೆ.

ಬ್ಯಾಟರಿ ಕೂತುಹೋಗಬಾರದೆಂದು ದಿನಕ್ಕೊಂದರಂತೆ ಸ್ಟಾರ್ಟ್ ಮಾಡುವ ಕೆಲಸ ಈಗ ನನ್ನದು. ಅವರು ಶೆಡ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕಣ್ಣು ಮುಚ್ಚಿ ಕೇಳುತ್ತಾರೆ. "ಇನ್ನೊಂಚೂರು ಒತ್ತು. ಸಾಕು, ಸಾಕು, ಅದು ಮುದುಕಿ, ಗದರಿಸ್ಬೇಡ," ಎನ್ನುತ್ತಾರೆ. ನನ್ನ ವಿಷಯದಲ್ಲಿ ಇಷ್ಟು ನಯವಾಗಿ ಅವರು ಮಾತಾಡಿದ್ದು ನೆನಪಿಲ್ಲ. ಏಳರಲ್ಲಿ ಒಂದರಲ್ಲೂ ತರಕಾರಿ ಚೀಲ ಇಡಲು ಜಾಗವಿಲ್ಲ. ಮೊನ್ನೆ ಹಳದಿ ಕಾರಿನಲ್ಲಿ ಅಂಗಡಿಗೆ ಹೋದೆ; ಎಲೆಕೋಸು ನನ್ನ ತೊಡೆಯ ಮೇಲೆ ಕೂತು ಬಂತು.

ಮಣಿಕಟ್ಟು ಕೂಡಿಕೊಳ್ಳುತ್ತದೆ, ಆದರೆ ಗೋಲಿನ ಮುಂದೆ ನಿಲ್ಲುವಷ್ಟಲ್ಲ ಎಂದು ಅವರ ಫುಟ್‌ಬಾಲ್ ಕ್ಲಬ್ಬಿನ ಡಾಕ್ಟರು ಹೇಳಿಬಿಟ್ಟರು. ಇವರು "ಆಯ್ತು" ಎಂದರು. ಮನೆಗೆ ಬಂದು ಗ್ಲೌಸುಗಳನ್ನೆಲ್ಲ ಒಗೆದುಹಾಕಲು ಹೇಳಿದರು. ಅವು ಇನ್ನೂ ಹಗ್ಗದ ಮೇಲೇ ಇವೆ.

ನೋಡಲು ಬಂದವರದೆಲ್ಲ ಒಂದೇ ಕಥೆ. ನೀನು ರಜೆಗೆ ಬಂದಿದ್ದಾಗ ಅಪ್ಪನಿಗೆ ಹೇಳದೆ ನಾವಿಬ್ಬರೂ ಅವರ ಕಾರ್ ರೇಸಿಗೆ ಹೋಗಿ ಬೇಲಿಯ ಹತ್ತಿರ ನಿಂತಿದ್ದು, ಅವರ ಮುಂದಿದ್ದ ಕಾರಿನ ಚಕ್ರ ಕಳಚಿ ಪುಟಿಯುತ್ತಾ ನಮ್ಮ ಕಡೆಗೇ ಬಂದದ್ದು, ಇವರು ಕಾರನ್ನೇ ಅದಕ್ಕೆ ಅಡ್ಡ ತಿರುಗಿಸಿ ಪಲ್ಟಿಯಾದದ್ದು. ಹೆಂಡತಿ ಮಗಳ ಜೀವ ಉಳಿಸಿದ ಗೋಲ್‌ಕೀಪರ್ ಎಂದು ಪತ್ರಿಕೆಯಲ್ಲಿ ಬಂದದ್ದನ್ನು ಪಕ್ಕದ ಮನೆಯಾಕೆ ಕತ್ತರಿಸಿ ತಂದುಕೊಟ್ಟಳು. ಇವರ ರೇಸಿನ ಗೆಳೆಯ, ಆ ಹಲ್ಲಿನ ಡಾಕ್ಟರು ಮಾತ್ರ, "ಚಕ್ರ ಎದುರಿಗೆ ಬಂದ್ರೆ ನಾವೆಲ್ಲ ಜಾಗ ಬಿಡ್ತೀವಮ್ಮ. ಹಿಡಿಯೋಕೆ ಹೋಗೋನು ಇವನೊಬ್ಬನೇ," ಎಂದು ನಕ್ಕರು. ನಿನ್ನಪ್ಪ ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು.

ಈಗ ನಿನ್ನ ವಿಷಯ. ಅಪ್ಪ ನನಗೋಸ್ಕರ ಕೈ ಕಳೆದುಕೊಂಡರು, ನಾನು ಹೇಗೆ ಸಮುದ್ರಕ್ಕೆ ಹೋಗಲಿ, ಹಡಗಿನ ಕೆಲಸ ಬಿಟ್ಟು ಬರುತ್ತೇನೆ ಎಂದು ಬರೆದಿದ್ದೀಯ. ಇಂಜಿನ್ ರೂಮಿನ ಆ ಕೆಲಸಕ್ಕಾಗಿ ಮೈತುಂಬ ಗ್ರೀಸು ಮೆತ್ತಿಕೊಂಡು ಓದಿದವಳು ನೀನು. ಬರಬೇಡ. ಹಡಗು ಹೊರಡುವ ದಿನ ಅದರಲ್ಲೇ ಇರು. ನಿನ್ನ ಕಾಗದವನ್ನು ಅವರು ಎರಡು ಸಲ ಓದಿದರು. ಆ ದಿನ ಶೆಡ್ಡಿನ ಕಡೆಗೂ ಹೋಗಲಿಲ್ಲ.

ಹೊತ್ತುಹೊತ್ತಿಗೆ ಊಟ ಮಾಡು. ನೀರಿನ ಮೇಲಿದ್ದರೂ ನೆಲದ ಮೇಲಿದ್ದರೂ ನೂರು ಕಾಲ ತಣ್ಣಗಿರು.

ನಿನ್ನ,
ಅಮ್ಮ

ತಾ. ಕ.: ಇದನ್ನು ಬರೆಯಬೇಕೆಂದೇ ಕೂತವಳು ಊರೆಲ್ಲ ಸುತ್ತಿಬಂದೆ. ಮೊನ್ನೆ ಗಡ್ಡ ಹೆರೆಯುತ್ತಾ ಕೇಳಿಬಿಟ್ಟೆ: "ರೀ, ಬೇಲಿ ಹತ್ರ ನಾವು ನಿಂತಿದ್ದು ನಿಮಗೆ ಕಾಣಿಸ್ತಾ?" ಮುಖದ ತುಂಬ ಸೋಪಿನ ನೊರೆ, ಎಡಗೈಯಿಂದ ತುಟಿಯ ಮೇಲಿನದನ್ನು ಒರೆಸಿಕೊಂಡರು. "ಇಲ್ಲ ಕಣೇ. ಚಕ್ರ ಬರ್ತಿತ್ತು, ಹೋದೆ. ನೀವು ಬಂದಿದ್ದೀರಿ ಅಂತಾನೇ ಗೊತ್ತಿರಲಿಲ್ಲ. ಅವಳಿಗೆ ಹೇಳ್ಬೇಡ."

ಹೇಳುತ್ತಿದ್ದೇನೆ. ಇಲ್ಲದ ಋಣ ತೀರಿಸಲು ನೀನು ಬರಬಾರದು. ನನ್ನದು ಬೇರೆ ಮಾತು. ಮದುವೆಯಾದಾಗಿನಿಂದ ಅವರ ಪಂದ್ಯಗಳಿಗೆಲ್ಲ ಹೋಗಿ ಕೂತಿದ್ದೇನೆ. ಅವರು ಚೆಂಡು ಬಿಟ್ಟು ಒಮ್ಮೆಯೂ ತಲೆಯೆತ್ತಿ ಈ ಕಡೆ ನೋಡಿದವರಲ್ಲ. ಆಸ್ಪತ್ರೆಯಲ್ಲಿ ಅವರ ಎಡಗೈ ಹಿಡಿದು ಕೂತಿದ್ದಾಗ, ಅವತ್ತು ಬೇಲಿಯ ಹತ್ತಿರ ಕೊನೆಗೂ ಒಂದು ಸಲ ನನ್ನನ್ನು ನೋಡಿದರಲ್ಲ ಎಂದು ನನಗೆ ಒಳಗೊಳಗೇ ಸಂತೋಷವಾಗಿತ್ತು.