ಕಪ್ಪೆಗಳು ಸುಮ್ಮನಾಗುವ ಹೊತ್ತು

ಭಾನುವಾರ, ಮಧ್ಯಾಹ್ನ

ಗುಬ್ಬೀ,

ಊಟ ಆಯಿತಾ ಎಂದು ಕೇಳಿಯೇ ಶುರು ಮಾಡುತ್ತೇನೆ. ಮೊದಲೆಲ್ಲ ನೀನು ಅದೊಂದಕ್ಕಾದರೂ ಉತ್ತರ ಕೊಟ್ಟು ಫೋನ್ ಇಡುತ್ತಿದ್ದೆ. ನಿನ್ನ ಕಾರ್ಯಾಗಾರ ಮುಗಿದ ಮೇಲೆ ಫೋನನ್ನೇ ಎತ್ತುತ್ತಿಲ್ಲ. ಅದಕ್ಕೇ ದಿನಚರಿಯ ಹಾಳೆ ಹರಿದು ಬರೆಯುತ್ತಿದ್ದೇನೆ.

ನಿಮ್ಮಪ್ಪ ಕೆರೆದಂಡೆಯಲ್ಲಿ ಕೂತು ವರ್ಷಗಟ್ಟಲೆ ರೆಕಾರ್ಡ್ ಮಾಡಿದ ಕಪ್ಪೆಗಳ ಕೂಗನ್ನೇ ಈ ಸಲ ಕಾರ್ಯಾಗಾರದಲ್ಲಿ ಎಲ್ಲರ ಅಭ್ಯಾಸಕ್ಕೆ ಕೊಡುತ್ತೇನೆ, ನೀನೂ ಬಾ ಎಂದು ಕರೆದವಳು ನೀನೇ. ಅವರು ಹೋದಮೇಲೆ ನಾನು ಹೊರಗೆ ಹೊರಟಿದ್ದು ಅದೇ ಮೊದಲು. ನಿಮ್ಮ ವಿಶ್ವವಿದ್ಯಾಲಯದ ಆ ಕೋಣೆಯಲ್ಲಿ ಪ್ರಾಣಿಶಾಸ್ತ್ರದವರು, ಗಣಿತದವರು, ಕಂಪ್ಯೂಟರಿನವರು ಒಂದೇ ಮೇಜಿಗೆ ಕೂತು, ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಹೊಸ ಬೀಗರ ಹಾಗೆ ನಗುತ್ತಿದ್ದರು. ಚಹಾದ ಹೊತ್ತಿಗೆ ಗಣಿತದ ಮೇಷ್ಟ್ರು ಇದು ಗಂಡುಕಪ್ಪೆಯೇ ಎಂದು ವಾದಕ್ಕೆ ನಿಂತಿದ್ದರು. ಅಪ್ಪ ಇದ್ದಿದ್ದರೆ ಹಿಗ್ಗಿ ಹೋಗುತ್ತಿದ್ದರು.

ಆಮೇಲೆ ಆ ಕನ್ನಡಕದ ಹುಡುಗಿ ಕೇಳಿದಳಲ್ಲ, "ಮೇಡಂ, ಪ್ರತಿ ರೆಕಾರ್ಡಿಂಗ್ ಶುರುವಾದ ತಕ್ಷಣ ಕಪ್ಪೆಗಳು ಸ್ವಲ್ಪ ಹೊತ್ತು ಸುಮ್ಮನಾಗ್ತವೆ, ಯಾಕೆ?" ಪ್ರಾಣಿಶಾಸ್ತ್ರದವರು ಹಾವು ಬಂದಿರಬೇಕು ಎಂದರು. ಕಂಪ್ಯೂಟರಿನವರು ಯಂತ್ರದ ದೋಷ ಎಂದರು. ಎಲ್ಲರೂ ನಿನ್ನ ಕಡೆ ತಿರುಗಿದರು.

"ಅಲ್ಲಿ ನಮ್ಮಪ್ಪ ಮಾತಾಡ್ತಿದ್ರು" ಎಂದಷ್ಟೇ ಹೇಳಿ ನೀನು ಎದ್ದು ಹೋದೆ.

ಕೂಗು ಸ್ಪಷ್ಟವಾಗಿ ಕೇಳಲಿ ಎಂದು ನೀನು ಮನುಷ್ಯರ ಸದ್ದನ್ನೆಲ್ಲ ತೆಗೆಯುವ ಪ್ರೋಗ್ರಾಂ ಬರೆದೆ. ಜಾಗ ಸಾಲದೆಂದು ಹಳೆಯದರ ಮೇಲೆಯೇ ಹೊಸದನ್ನು ಉಳಿಸಿದೆ. ಮೂಲ ಅಮ್ಮನ ಹತ್ತಿರ ಇದೆ ಎಂದು ನೀನು ಅಂದುಕೊಂಡೆ, ಮಗಳ ಹತ್ತಿರ ಇರುತ್ತದೆ ಎಂದು ನಾನು. ಇದ್ದದ್ದು ನಾನು ಕೊಟ್ಟ ಆ ಒಂದೇ ಡಿಸ್ಕ್. ಡಿಸ್ಕಿಗೆ ಇಳಿಸಿಕೊಂಡ ಮೇಲೆ ಹಳೆಯ ಕ್ಯಾಸೆಟ್‌ಗಳನ್ನು ಅಪ್ಪ ಎಂದೋ ಯಾರಿಗೋ ಕೊಟ್ಟುಬಿಟ್ಟಿದ್ದರು. ಇದರಲ್ಲಿ ಯಾರನ್ನು ಬೈಯಲಿ ಹೇಳು.

ನೀನು ಅಂದುಕೊಂಡಷ್ಟು ನನಗೇನೂ ಆಗಿಲ್ಲ. ಆ ದನಿ ನನ್ನ ಕಿವಿಯಲ್ಲೇ ಇದೆ, ಯಂತ್ರದಿಂದ ಕೇಳಬೇಕಾಗಿಲ್ಲ. ಕೆರೆಗೆ ಹೋಗಿ ರೆಕಾರ್ಡರ್ ಒತ್ತಿದೊಡನೆ ಮೊದಲು ವಾರ, ಹವಾಮಾನ ಹೇಳುತ್ತಿದ್ದರು. ಮನೆಯಲ್ಲಿ ಮೂರು ಮಾತಿಗೆ ಬರ, ಕಪ್ಪೆಗಳಿಗಾದರೆ ಪ್ರವರ ಒಪ್ಪಿಸುತ್ತೀರಿ ಎಂದು ನಾನು ಛೇಡಿಸುತ್ತಿದ್ದೆ. ಜೊತೆಗೆ ಬಾ ಎಂದು ಎಷ್ಟು ಸಲ ಕರೆದರು! ಸೊಳ್ಳೆ ಎಂದೆ, ಒಲೆಯ ಮೇಲೆ ಪಾತ್ರೆ ಇದೆ ಎಂದೆ. ಹೋಗಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಚಿಕ್ಕವಳಿದ್ದಾಗ ನೀನಾದರೂ ಹೋಗುತ್ತಿದ್ದೆ. ಅವರ ಹಳೆಯ ಸ್ವೆಟರ್ ಸುತ್ತಿಕೊಂಡು, ಮೂಗು ಸೋರಿಸಿಕೊಂಡು. ಆ ದಿನಗಳ ರೆಕಾರ್ಡಿಂಗಿನಲ್ಲಿ ಶುರುವಿನ ಮಾತಿನ ಕೊನೆಗೊಂದು ಸಾಲು ಸೇರಿಸುತ್ತಿದ್ದರು, ನೆನಪಿದೆಯಾ? "ಜೊತೆಗೆ ಮಗಳಿದ್ದಾಳೆ. ಕೆಮ್ಮು ಕೇಳಿಸಿದರೆ ಅದು ಕಪ್ಪೆಯದಲ್ಲ."

ಆ ಕೆಮ್ಮೂ ಈಗ ಡಿಸ್ಕಿನಲ್ಲಿಲ್ಲ. ನಿನಗೆ ಹೆಚ್ಚು ಸುಡುತ್ತಿರುವುದು ಯಾವುದೆಂದು ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ.

ಮುಂದಿನ ಕಾರ್ಯಾಗಾರವನ್ನು ಬೇರೆಯವರಿಗೆ ಬಿಟ್ಟುಕೊಟ್ಟೆಯಂತೆ, ಆ ಹುಡುಗಿಯೇ ಫೋನ್ ಮಾಡಿ ಹೇಳಿದಳು. ಪ್ರಶ್ನೆ ಕೇಳಿದ್ದು ತನ್ನ ತಪ್ಪೇನೋ ಎಂದು ಅಳುತ್ತಿದ್ದಳು. ನೀನು ಕಲಿಸಿದ ಹಾಗೆ ಕಿವಿಗೊಟ್ಟು ಕೇಳಿದ್ದಕ್ಕೇ ಅವಳಿಗೆ ಅದು ಗೊತ್ತಾಗಿದ್ದು. ಅವಳಿಗಾದರೂ ನೀನು ಸಮಾಧಾನ ಹೇಳಬೇಕು. ಕಾರ್ಯಾಗಾರ ಬಿಡಬೇಡ. ಅದಕ್ಕೂ ಮೊದಲು ಒಮ್ಮೆ ಮನೆಗೆ ಬಾ. ಬಂದು ಏನೂ ಮಾತಾಡದಿದ್ದರೂ ಸರಿ, ನಿಮ್ಮಪ್ಪನ ಜೊತೆ ಬಾಳಿದವಳಿಗೆ ಅದು ಹೊಸದೇನಲ್ಲ.

ನಿನ್ನ ದಾರಿ ನೋಡುತ್ತಾ,
ಅಮ್ಮ

ಮರೆತಿದ್ದೆ: ಯಂತ್ರದಿಂದ ಕೇಳಬೇಕಾಗಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಅವರು ಹೋದಂದಿನಿಂದ ನಿನಗೆ ಡಿಸ್ಕ್ ಕೊಡುವವರೆಗೂ ಸಂಜೆ ಸಂಜೆ ಹಾಕಿಕೊಂಡು, ಆ ಶುರುವಿನ ಮಾತಷ್ಟನ್ನೇ ಕೇಳಿ ನಿಲ್ಲಿಸುತ್ತಿದ್ದೆ. ನೀನು ತಿರುಗಿ ಕಳಿಸಿದ ಡಿಸ್ಕನ್ನು ಈಗಲೂ ಹಾಕುತ್ತೇನೆ. ಕಪ್ಪೆಗಳು ಸುಮ್ಮನಾಗುತ್ತಲೇ, ಇವತ್ತು ಯಾವ ವಾರ, ಮೋಡ ಇದೆಯೋ ಇಲ್ಲವೋ ನಾನೇ ಹೇಳುತ್ತೇನೆ. ಹೇಳಿ ಮುಗಿಸಿದರೂ ಅವು ಕೂಗುವುದಿಲ್ಲ, ಇನ್ನೂ ಸ್ವಲ್ಪ ಜಾಗ ಉಳಿಯುತ್ತದೆ. ಮಗಳು ಜೊತೆಗಿದ್ದಾಳೆ ಎನ್ನುವಷ್ಟು.